ಹೊಟ್ಟು ಚೆಲ್ಲಿ ತಂದ ಬರ್ಫ

ಚಿತ್ತಾಪುರದ ಮನೆಯಲ್ಲಿ, ಜ್ವರದಿಂದ ಸುಡುತ್ತಿದ್ದ ಅಕ್ಕನ ಮುಂದೆ ನಾನು ಚೀಲ ಬಿಚ್ಚಿದಾಗ ಅದರಲ್ಲಿದ್ದದ್ದು ಅಡಿಕೆಯಷ್ಟು ಬರ್ಫ. ಉಳಿದದ್ದೆಲ್ಲ ನಿಜಾಮರ ರೈಲಿನಲ್ಲೇ ನೀರಾಗಿ ಹೋಗಿತ್ತು. ಹಣೆಯ ಮೇಲಿಡಲು ಡಾಕ್ಟರು ಹೇಳಿದ್ದರೆಂದು ಅದನ್ನು ವಾಡಿಯಿಂದ ತಂದಿದ್ದೆ. ಅಂಗಡಿಯವನು ಮಂಜುಗಡ್ಡೆಯನ್ನು ಜೋಳದ ಹೊಟ್ಟಿನಲ್ಲಿ ಹುಗಿದು ಕೊಟ್ಟಿದ್ದ. ನಾಲ್ಕನೇ ಜಮಾತಿನವರೆಗೆ ಕಲಿತಿದ್ದ ನನ್ನ ಜಾಣತನಕ್ಕೆ, ಅವನು ಕಸ ತುಂಬಿ ಮೋಸ ಮಾಡಿದನೆಂದೇ ತೋರಿತು. ಹೊಟ್ಟನ್ನೆಲ್ಲ ಸ್ಟೇಶನ್ನಿನಲ್ಲಿ ಸುರುವಿ, ಬರ್ಫವನ್ನು ನಲ್ಲಿಯ ಕೆಳಗೆ ತೊಳೆದು, ಜಂಬದಿಂದ ರೈಲು ಹತ್ತಿದ್ದೆ. ಧಗೆಯಾಗಲಿ ತೇವವಾಗಲಿ ಹೊಟ್ಟನ್ನು ದಾಟದೆಂಬುದು ಆಗ ಹೊಳೆಯಲೇ ಇಲ್ಲ. ಮನೆಯ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿದಾಗ ಪ್ರತಿ ವರ್ಷ ಮೇಲೆ ಹೊಟ್ಟು ಹೊದಿಸುವವನು ನಾನೇ.

ಹೊಟ್ಟು ಸುರುವಿದ್ದನ್ನು ಹೇಳಿದೆ. ಅಕ್ಕ ಕಣ್ಣು ತೆರೆದು ಚೀಲ ನೋಡಿದಳು. “ಭಾಳ ಶಾಣ್ಯಾ ಇದ್ದಿ ಬಿಡೋ ತಮ್ಮಾ. ಆ ಹೊಟ್ಟರ ತಂದಿದ್ರ ಎಮ್ಮಿ ತಿಂತಿತ್ತಲ್ಲ.”

ಮುಂದೆ ಜ್ವರ ಇಳಿಯಿತು, ಆದರೆ ಅಕ್ಕನ ಎರಡೂ ಕಿವಿ ಹೋದವು. ಬರ್ಫ ಇದ್ದಿದ್ದರೆ ಉಳಿಯುತ್ತಿದ್ದವೋ ಏನೋ, ಡಾಕ್ಟರೂ ಹೇಳಲಿಲ್ಲ. ಮನೆಗೆ ಬಂದವರಿಗೆಲ್ಲ ಆಕೆ ಇಂದಿಗೂ ಆ ಎಮ್ಮೆಯ ಮಾತು ಹೇಳಿ ನಗಿಸುತ್ತಾಳೆ. “ತಪ್ಪಾತಕ್ಕಾ” ಎಂದು ನಾನು ಎಷ್ಟು ಕೂಗಿದರೂ ಆಕೆಗೆ ಕೇಳಿಸುವುದಿಲ್ಲ.