ತಪ್ಪು ಲೆಕ್ಕದ ಮರುದಿನ

ನೆಲಕ್ಕೆ ಕೂರುವಾಗ ಅವರ ಮೊಣಕಾಲು ಲಟಕ್ಕನೆ ಸದ್ದು ಮಾಡುತ್ತಿತ್ತು, ಇಡೀ ತರಗತಿ ತಿರುಗಿ ನೋಡುತ್ತಿತ್ತು. ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದಲ್ಲಿ ಶಿಕ್ಷಕಿಯಾಗಲು ಟಿ.ಸಿ.ಎಚ್. ಓದುತ್ತಿದ್ದಾಗ, ನಮ್ಮ ಅಭ್ಯಾಸ ಪಾಠಗಳನ್ನು ನೋಡಲು ಬರುತ್ತಿದ್ದ ಮೇಡಮ್ ಅವರು. ಉಳಿದವರು ಮೊದಲು ಕುರ್ಚಿ ಕೇಳಿ, ಚಹಾ ಕೇಳಿ, ಆಮೇಲೆ ಪಾಠ ಕೇಳುತ್ತಿದ್ದರು. ಇವರು ಹಿಂದಿನ ಸಾಲಿನ ಮಕ್ಕಳ ನಡುವೆ ಗೋಣಿತಟ್ಟಿನ ಮೇಲೆ ಕೂತು ನಮ್ಮ ಬೆವರಿಳಿಸುತ್ತಿದ್ದರು.

ಚಚಡಿ ಕಡೆಯ ಒಂದು ಹಳ್ಳಿಯ ಶಾಲೆ ನನ್ನ ಪಾಲಿಗೆ ಬಂದಿತ್ತು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದಳು. ಅವರ ಅವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಮೊದಲ ದಿನ ಕೂಸು ಅತ್ತು ನನ್ನ ಪಾಠ ಕೆಟ್ಟಿತು. “ನಾಳೆ ತಮ್ಮನ್ನ ಮನ್ಯಾಗ ಬಿಟ್ಟು ಬಾ” ಎಂದೆ.

ಪಾಠ ಮುಗಿದ ಮೇಲೆ ಮೇಡಮ್ ಕರೆದರು. “ಮನ್ಯಾಗ ಯಾರ ಅದಾರ ಅಂತ ಕೇಳಿದೇನು? ಕೂಸು ಬ್ಯಾಡ ಅಂದ್ರ ಆಕೀನೂ ಬ್ಯಾಡ ಅಂದಂಗ.”

ಸರಿ, ಮರುದಿನ ಕೂಸನ್ನು ನಾನೇ ಎತ್ತಿಕೊಂಡು ಭಾಗಾಕಾರ ಕಲಿಸಿದೆ. ಶಭಾಷ್ ಎನ್ನುತ್ತಾರೆಂದು ಒಳಗೊಳಗೇ ಹಿಗ್ಗಿದ್ದೆ. ಅದಕ್ಕೂ ಅವರು ಮುಖ ಗಂಟಿಕ್ಕಿಕೊಂಡರು.

“ಎಲ್ಲಾರಿಗೂ ಲೆಕ್ಕಾ ಕೇಳಿದಿ. ಆಕಿಗೆ ಯಾಕ ಕೇಳಲಿಲ್ಲ?”

“ಪಾಪ, ಬಡವರ ಹುಡುಗಿ. ಎಲ್ಲಾರ ಮುಂದ ಲೆಕ್ಕಾ ಬರಲಿಲ್ಲಂದ್ರ ಹೆಂಗ್ರಿ?”

“ಬಡವರು ಅಂತ ಲೆಕ್ಕಾನೂ ಕಡಿಮಿ ಕೊಡ್ತಿಯೇನು?”

ನನಗೆ ತಲೆಬುಡ ತಿಳಿಯಲಿಲ್ಲ. ಕರುಣೆ ತೋರದಿದ್ದರೂ ಬೈಗುಳ, ತೋರಿದರೂ ಬೈಗುಳ. ಈ ಹೆಂಗಸಿಗೆ ಬೇಕಾಗಿರುವುದಾದರೂ ಏನು ಎಂದು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಗೊಣಗಿದೆ.

ಮೂರನೆಯ ದಿನ ಅವಳನ್ನೇ ಹಲಗೆಯ ಹತ್ತಿರ ಕರೆದೆ. ಮೇಡಮ್ ಕೈಚಾಚಿ ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡರು. ಹುಡುಗಿ ಮಾಡಿದ ಲೆಕ್ಕ ತಪ್ಪಾಗಿತ್ತು. “ಶಾಣ್ಯಾಕಿ” ಎಂದು ಹೊಗಳಿ ಕೂರಿಸಿಬಿಡೋಣ ಎನ್ನಿಸಿತು. ಮೇಡಮ್ ಮುಖ ನೋಡಿ, “ತಪ್ಪ ಐತಿ, ಮತ್ತೊಮ್ಮೆ ಮಾಡು” ಎಂದೆ. ಅವಳ ಕಣ್ಣು ತುಂಬಿತು. ಅಳಿಸಿ ಮತ್ತೆ ಮಾಡಿದಳು, ಸರಿಯಾಯಿತು. ಆ ಹೊತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಅವಳು ಬರಲಿಲ್ಲ. ನಮ್ಮ ಅಭ್ಯಾಸ ಪಾಠಗಳು ಮುಗಿಯುವವರೆಗೂ ಬರಲೇ ಇಲ್ಲ.

“ಕಳೆ ತಗಿಯೂ ದಿನ. ಅವ್ವನ ಕೂಡ ಹೋಗಿರ್ತಾಳ” ಎಂದರು ಮೇಡಮ್. ನನ್ನ ಮುಖ ನೋಡಿ ಹೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಸವದತ್ತಿಯಲ್ಲಿ ಹಾಸಿಗೆ ಹಿಡಿದಿದ್ದ ಅವರನ್ನು ನೋಡಲು ಹೋದೆ. ಆಗ ನಾನು ರಾಮದುರ್ಗದ ಕಡೆ ಶಿಕ್ಷಕಿ. ಅದೂ ಇದೂ ಮಾತಾಡಿ, ಕೊನೆಗೆ ತಡೆಯಲಾರದೆ ಕೇಳಿದೆ. “ಆ ಹುಡುಗಿ ನಾ ತಪ್ಪು ಅಂದದ್ದಕ್ಕ ಸಾಲಿ ಬಿಟ್ಟಳೇನ್ರಿ?”

ಯಾವ ಹುಡುಗಿ ಎಂದು ಅವರು ಕೇಳಲಿಲ್ಲ.

“ನಂಗೂ ಗೊತ್ತಿಲ್ಲ, ತಂಗಿ. ಆಮ್ಯಾಲ ಹೋಗಿ ನೋಡಿದ್ನಿ, ಮನಿಗೆ ಕೀಲಿ ಹಾಕಿತ್ತು. ನೀ ಒಂದಿನ ಕೇಳ್ತಿ ಅಂತ ಅಂಜಿದ್ನಿ.”

ಅದೇ ವರ್ಷ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರು ಕಲಿಸಿದ್ದು ಸರಿಯೋ ತಪ್ಪೋ ನನಗೆ ಇನ್ನೂ ಬಗೆಹರಿದಿಲ್ಲ, ಆದರೂ ಬೇರೆ ರೀತಿಯಲ್ಲಿ ಕಲಿಸಲು ನನಗೆ ಬರುವುದಿಲ್ಲ. ಬಡವರ ಮಗು ತಪ್ಪು ಲೆಕ್ಕ ಮಾಡಿದರೆ ತಪ್ಪು ಎಂದೇ ಹೇಳುತ್ತೇನೆ. ಮರುದಿನ ಹಾಜರಿ ಕರೆಯುವಾಗ, ಆ ಮಗು ಓಗೊಡುವವರೆಗೆ ಜೀವ ಬಿಗಿ ಹಿಡಿದಿರುತ್ತೇನೆ.