ಉತ್ತರ ಗೋಡೆಯ ಪಕ್ಕದ ಸಮಾಧಿ

೨೦೦೧ನೇ ಇಸವಿ. ಲಂಡನ್ನಿನ ಕೊಲಿಂಡೇಲ್‌ನಲ್ಲಿ, ಡ್ರೈ ಕ್ಲೀನಿಂಗ್ ಅಂಗಡಿಯೊಂದರ ಮೇಲಿದ್ದ ಎರಡು ಕೋಣೆಯ ಕಚೇರಿಯಲ್ಲಿ ನಾನು ರಿಸರ್ಚರ್ ಆಗಿದ್ದೆ. ತಮ್ಮ ಮನೆತನದ ಚರಿತ್ರೆ ಹುಡುಕಿಕೊಡಿ ಎಂದು ಜನ ನಮ್ಮ ಬಳಿ ಬರುತ್ತಿದ್ದರು. ಆಗ ಇಂಟರ್ನೆಟ್ಟಿನಲ್ಲಿ ಸಿಗುತ್ತಿದ್ದದ್ದು ಕಡಿಮೆ. ಕೌಂಟಿಯ ದಾಖಲೆ ಕಚೇರಿಗೆ ಹೋಗಿ ಮೈಕ್ರೋಫಿಲ್ಮ್ ತಿರುಗಿಸಬೇಕು. ಅಲ್ಲಿ ಸಿಗದಿದ್ದರೆ ಹಳ್ಳಿಗೇ ಹೋಗಬೇಕು. ಧಾರವಾಡದಲ್ಲಿ ಪಾಸ್ ಕ್ಲಾಸಿನಲ್ಲಿ ಬಿ.ಎ. ಮುಗಿಸಿದ್ದ ನನಗೆ ಈ ಕೆಲಸ ಸಿಕ್ಕಿದ್ದು, ಹಳೆಯ ಕೈಬರಹ ಓದುವ ತಾಳ್ಮೆ ಇತ್ತೆಂಬ ಒಂದೇ ಕಾರಣಕ್ಕೆ.

ಆ ಅಕ್ಟೋಬರಿನಲ್ಲಿ ಬಂದ ಗಿರಾಕಿಯೊಬ್ಬನನ್ನು ಬಾಗಿಲಲ್ಲೇ ಗುರುತು ಹಿಡಿದೆ. ಹೆಸರು ಕ್ರೆಸ್‌ವೆಲ್ ಎಂದಿಟ್ಟುಕೊಳ್ಳಿ. ಎರಡು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡಾಗ, ನಾವು ಮಣ್ಣು ಮಾಡಲು ಹೋದ ಖಾಸಗಿ ಸ್ಮಶಾನದ ಮ್ಯಾನೇಜರ್ ಈತ.

ನಾವು ಲಿಂಗಾಯತರು. ನಮ್ಮಲ್ಲಿ ಸುಡುವುದಿಲ್ಲ. ದೇಹವನ್ನು ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿಯೊಂದಿಗೆ ಮಣ್ಣು ಮಾಡುತ್ತೇವೆ. ಯಜಮಾನರು ಆಸ್ಪತ್ರೆಯಲ್ಲಿ ಕೇಳಿದ್ದು ಅದೊಂದನ್ನೇ. "ನನ್ನ ಮಲಗಿಸಬ್ಯಾಡ. ಈ ಮಂಚದ ಮ್ಯಾಲೆ ಮಲಗಿ ಮಲಗಿ ಸಾಕಾಗೇತಿ." ಗುಂಡಿ ಎಷ್ಟು ಆಳ ಬೇಕು, ಪೆಟ್ಟಿಗೆ ಹೇಗಿರಬೇಕು ಎಂದೆಲ್ಲ ವಿವರಿಸಿ, ಇದು ಕೊನೆಯ ಆಸೆ, ದಯವಿಟ್ಟು ಅವಕಾಶ ಕೊಡಿ ಎಂದು ನಾನೇ ಅರ್ಜಿ ಬರೆದುಕೊಂಡು ಹೋಗಿದ್ದೆ. ಆತ ಓದಿ, ಮಡಚಿ, ಟ್ರೇಯಲ್ಲಿಟ್ಟ.

"ಇಲ್ಲಿ ಎಲ್ಲರೂ ಮಲಗುತ್ತಾರೆ, ಮೇಡಂ. ಸೀಟು ಕೊಡೋದಕ್ಕೆ ಇದೇನು ಥಿಯೇಟರಾ?"

ಪಕ್ಕದ ಮೇಜಿನವಳು ನಕ್ಕಳು. ಬೇರೆ ಕಡೆ ವಿಚಾರಿಸಲು ನಮಗೆ ಸಮಯವೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಯಜಮಾನರನ್ನು ಮಲಗಿಸಿಯೇ ಮಣ್ಣು ಮಾಡಿದೆವು. ಫೆಲ್ಥಮ್‌ನಲ್ಲಿದ್ದು ಏರ್‌ಪೋರ್ಟಿನಲ್ಲಿ ಕೆಲಸ ಮಾಡುತ್ತಿದ್ದ ಮೈದುನ ಸಮಾಧಾನ ಹೇಳಿದ: "ಹೋಗ್ಲಿ ಬಿಡ್ರಿ ವೈನಿ. ಮಣ್ಣಾಗ ಹ್ವಾದ ಮ್ಯಾಲೆ ಕುಂತ್ರೇನು, ಮಕ್ಕೊಂಡ್ರೇನು?" ಅವನು ಬಿಟ್ಟ. ನಾನು ಬಿಡಲಿಲ್ಲ.

ಕ್ರೆಸ್‌ವೆಲ್‌ಗೆ ನನ್ನ ನೆನಪೇ ಇರಲಿಲ್ಲ; ಸ್ಮಶಾನವೊಂದರ ಮ್ಯಾನೇಜರ್ ಎಂದು ಪರಿಚಯ ಹೇಳಿಕೊಂಡ. ಬಹಳ ಸೊರಗಿದ್ದ. ಇನ್ನೊಂದು ವರ್ಷ ಎಂದು ಡಾಕ್ಟರ್ ಹೇಳಿದ್ದರಂತೆ. ಮುತ್ತಜ್ಜನ ಕಾಲದಲ್ಲಿ ಅವರ ಮನೆತನ ಇದ್ದದ್ದು ಒಂದು ಪುಟ್ಟ ಪ್ಯಾರಿಷ್‌ನಲ್ಲಿ. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಊರು. ಆ ಚರ್ಚಿನ ಅಂಗಳದಲ್ಲಿ ಉಳಿದಿದ್ದ ಜಾಗ ಕಡಿಮೆ. ಅಲ್ಲಿ ತನ್ನ ಹಿರಿಯರೊಬ್ಬರ ಸಮಾಧಿ ಇದೆಯೆಂದು ತೋರಿಸಿದರೆ ಮಾತ್ರ ಹೊರಗಿನವರಿಗೆ ಜಾಗ ಕೊಡುವ ಬಗ್ಗೆ ವಿಕಾರ್, ಅಂದರೆ ಅಲ್ಲಿಯ ಪಾದ್ರಿ, ಯೋಚಿಸುತ್ತಿದ್ದರು.

"ಸ್ಮಶಾನ ನೋಡಿಕೊಳ್ಳುವವರು ನೀವು. ಅಲ್ಲೇ ಯಾಕಾಗಬಾರದು?" ಎಂದೆ.

"ಅಲ್ಲಿ ನನ್ನವರು ಅನ್ನೋರು ಯಾರಿದ್ದಾರೆ?" ಎಂದ.

ಅಲ್ಲಿ ನನ್ನವರಿದ್ದಾರೆ ಎಂದು ನಾನು ಹೇಳಲಿಲ್ಲ. ಕೇಸನ್ನು ಸಹೋದ್ಯೋಗಿಗೆ ದಾಟಿಸಬಹುದಿತ್ತು, ದಾಟಿಸಲಿಲ್ಲ. ಎಜ್‌ವೇರ್‌ನ ಮನೆಯಲ್ಲಿ ವಿಷಯ ಕೇಳಿದ ಮಗಳು, "ಅಮ್ಮಾ, ಯೂ ಜಸ್ಟ್ ವಾಂಟ್ ಟು ಹರ್ಟ್ ಹಿಮ್" ಎಂದಳು. ಹೌದು ಎಂದೆ.

ಮೂರು ವಾರ ಹುಡುಕಿದೆ. ಕ್ರೆಸ್‌ವೆಲ್ ಮನೆತನದ ದೀಕ್ಷಾಸ್ನಾನಗಳಿದ್ದವು, ಮದುವೆಗಳಿದ್ದವು. ಆದರೆ ಆ ಚರ್ಚಿನಲ್ಲಿ ಒಬ್ಬರನ್ನಾದರೂ ಹೂಳಿದ ದಾಖಲೆ ಇರಲಿಲ್ಲ. ಆತನ ಅಜ್ಜ ಎಳೆಯನಾಗಿದ್ದಾಗಲೇ ಮನೆತನ ಲಂಡನ್ನಿಗೆ ಬಂದುಬಿಟ್ಟಿತ್ತು. ಕೊನೆಗೆ ರೈಲು ಹಿಡಿದು ಹಳ್ಳಿಗೆ ಹೋದೆ. ಚರ್ಚಿನ ಉಸ್ತುವಾರಿಯ ಡೊರೀನ್ ಎಂಬಾಕೆ ಹೂದಾನಿ ತೊಳೆಯುತ್ತಿದ್ದರು.

"ಕ್ರೆಸ್‌ವೆಲ್? ಓಹ್, ಗಿರಣಿ ಕೆರೆಗೆ ಹಾರಿದವಳ ಮನೆಯವರಾ? ಬಾ ಡಿಯರ್, ಹಿಂದುಗಡೆ ಇದ್ದಾಳೆ. ತುರಿಕೆ ಗಿಡ ಬೆಳೆದಿದೆ, ಕಾಲು ಹುಷಾರು."

ಚರ್ಚಿನ ಉತ್ತರ ದಿಕ್ಕು ಬಿಸಿಲು ಬೀಳದ ಜಾಗ. ಹಿಂದೆ ಒಳ್ಳೆಯ ಮನೆತನದವರು ಅಲ್ಲಿ ಯಾರನ್ನೂ ಹೂಳುತ್ತಿರಲಿಲ್ಲ. ಕೆರೆಗೆ ಹಾರಿದ ಆ ಹೆಂಗಸು ಗಿರಾಕಿಯ ಮುತ್ತಜ್ಜಿ. ಆತ್ಮಹತ್ಯೆ ಮಾಡಿಕೊಂಡವಳಿಗೆ ಪ್ರಾರ್ಥನೆಯೂ ಇಲ್ಲ, ಅಂಗಳದಲ್ಲಿ ಜಾಗವೂ ಇಲ್ಲ ಎಂದಿದ್ದರಂತೆ ಅಂದಿನ ಪಾದ್ರಿ. ದೊಡ್ಡ ಗಂಡುಮಕ್ಕಳು ಕೇಳಲಿಲ್ಲ. ತಾವೇ ಗುಂಡಿ ತೋಡಿ, ತಾಯಿಯನ್ನು ಗೋಡೆಯ ಬುಡದಲ್ಲಿ ಇಳಿಸಿದರು. ಆ ಗುಂಡಿಗೆ ಗುದ್ದಲಿ ಕೊಟ್ಟವನು ಡೊರೀನ್‌ರ ತಾತ. ಹೆಸರಿಲ್ಲದ ಒಂದು ಕಲ್ಲು ಹುಲ್ಲಿನಲ್ಲಿ ಹೂತುಹೋಗಿತ್ತು.

"ವಿಕಾರ್‌ಗೂ ಈ ಕತೆ ಗೊತ್ತು. ಒಪ್ಪಿದರೂ ಒಪ್ಪಬಹುದು," ಎಂದರು ಡೊರೀನ್. "ಆದರೆ ನಿಯಮದಲ್ಲಿಲ್ಲದ್ದು ನೋಡು, ನಿನ್ನ ಸಾಹೇಬನೇ ಬೇಡಿಕೊಂಡು ಬರೀಬೇಕು."

ವಾಪಸು ಬರುವಾಗ ರೈಲಿನಲ್ಲಿ ನನ್ನ ವರದಿ ಮನಸ್ಸಿನಲ್ಲೇ ಸಿದ್ಧವಾಯಿತು. ದಾಖಲೆ ಇಲ್ಲ. ಅಷ್ಟೇ ಬರೆದರೆ ನನ್ನ ಕಸುಬಿನ ಲೆಕ್ಕದಲ್ಲಿ ಅದು ಸುಳ್ಳಾಗುತ್ತಿರಲಿಲ್ಲ; ಬಾಯಿಮಾತನ್ನು ನಾವು ಪುರಾವೆ ಎಂದು ಒಪ್ಪುತ್ತಿರಲಿಲ್ಲ. ಆತ ತನ್ನವರು ಯಾರೂ ಇಲ್ಲದ ಕಡೆಯೇ ಮಲಗಬೇಕಾಗುತ್ತಿತ್ತು. ಬಹಳ ದಿನಗಳ ಮೇಲೆ ನನಗೆ ಹಸಿವಾಯಿತು. ಆದರೆ ಎಜ್‌ವೇರ್ ತಲುಪುವಷ್ಟರಲ್ಲಿ ಅದು ಸಾಲದು ಅನ್ನಿಸಿತು. ಅವನಿಗೆ ಗೊತ್ತೇ ಆಗದಿದ್ದರೆ ಅದೆಂಥ ಸೇಡು?

ಮರುವಾರ ಕಚೇರಿಗೆ ಕರೆಸಿ ಎಲ್ಲವನ್ನೂ ಹೇಳಿದೆ. ಕೆರೆ, ತುರಿಕೆ ಗಿಡ, ಗುದ್ದಲಿ, ಒಂದನ್ನೂ ಬಿಡಲಿಲ್ಲ.

"ನಿಮ್ಮ ಮುತ್ತಜ್ಜಿ ಯಾವ ನಿಯಮದ ಪ್ರಕಾರ ಅಲ್ಲಿದ್ದಾರೆ, ಮಿಸ್ಟರ್ ಕ್ರೆಸ್‌ವೆಲ್?"

"ಯಾವ ನಿಯಮವೂ ಇಲ್ಲ. ಮಕ್ಕಳು ಬಿಡಲಿಲ್ಲ, ಅಷ್ಟೇ," ಎಂದ. ಆಮೇಲೆ ಮೆಲ್ಲಗೆ, "ವಿಕಾರ್‌ಗೆ ಏನಂತ ಬರೆಯಲಿ? ಯಾರನ್ನೂ ಬೇಡಿಕೊಂಡು ನನಗೆ ಅಭ್ಯಾಸವಿಲ್ಲ."

ಪೆನ್ನು ಕೊಟ್ಟೆ. ನಾನು ಹೇಳುತ್ತಾ ಹೋದೆ, ಆತ ಬರೆದ. "ಇದು ಕೊನೆಯ ಆಸೆ. ನಿಮ್ಮ ನಿಯಮದಲ್ಲಿ ಇದಕ್ಕೆ ಜಾಗವಿಲ್ಲವೆಂದು ಬಲ್ಲೆ. ಆದರೂ ಹಿರಿಯರು ನೆಲ ಸೇರಿದ ಹಾಗೆಯೇ ಸೇರಲು ದಯವಿಟ್ಟು ಅವಕಾಶ ಕೊಡಿ."

ಅಲ್ಲಿಗೆ ಬಂದಾಗ ಪೆನ್ನು ನಿಂತಿತು. ಆತ ಮೊದಲ ಬಾರಿಗೆ ನನ್ನ ಮುಖ ನೋಡಿದ.

"ಇದನ್ನು ಎಲ್ಲೋ ಓದಿದ್ದೇನೆ."

"ಓದಿದ್ದೀರಿ. ಮಡಚಿಯೂ ಇಟ್ಟಿದ್ದೀರಿ. ಸಹಿ ಹಾಕಿ."

ಆತ ಸಹಿ ಹಾಕಿದ. ಎದ್ದು ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತ.

"ನಿಮ್ಮ ಗಂಡನ ಹೆಸರೇನು?"

"ಹುಡುಕಿ," ಎಂದೆ. "ನಿಮ್ಮಲ್ಲೇ ಮಲಗಿದ್ದಾರೆ."

ವಿಕಾರ್ ಒಪ್ಪಿದರು. ಮುಂದಿನ ಬೇಸಿಗೆಗೆ ಆತನನ್ನು ಉತ್ತರ ಗೋಡೆಯ ಪಕ್ಕ ಮಣ್ಣು ಮಾಡಿದರೆಂದು ಡೊರೀನ್ ಫೋನ್ ಮಾಡಿ ತಿಳಿಸಿದರು. ಅದಕ್ಕೆ ಮುಂಚೆ ಆತ ತನ್ನ ಸ್ಮಶಾನದ ಸಾಲುಗಳಲ್ಲಿ ಒಂದು ಹೆಸರಿಗಾಗಿ ತಿರುಗಾಡಿದನೋ ಇಲ್ಲವೋ, ಗೊತ್ತಿಲ್ಲ. ತಿರುಗಾಡಿರಲಿ, ಮೊಣಕಾಲು ನೋಯುವಷ್ಟು ತಿರುಗಾಡಿರಲಿ ಎಂದು ಇವತ್ತಿಗೂ ಬಯಸುತ್ತೇನೆ.

ತನ್ನ ಸತ್ತವರನ್ನು ಹುಡುಕುತ್ತಾ ಹೊರಟ ಯಾರೇ ಆಗಲಿ, ಒಂದಲ್ಲ ಒಂದು ದಿನ ಪರಕೀಯರ ಮುಂದೆ ನಿಂತು ದಯವಿಟ್ಟು ಎನ್ನಲೇಬೇಕಾಗುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಅದನ್ನು. ಆತನಿಗೆ ಅದನ್ನು ನಾನು ಕಲಿಸಿದೆ. ಆ ಬಗ್ಗೆ ನನಗೆ ಬೇಸರವಿಲ್ಲ.