ಸಂಪಿಗೆ ಮರಕ್ಕೆ ಹೊದಿಸಿದ ಶಾಲು

ನಮ್ಮ ಮಾವನವರು ತಾಲೂಕು ಕಚೇರಿಯ ಶಿರಸ್ತೇದಾರಿಕೆಯಿಂದ ನಿವೃತ್ತರಾದ ಮೇಲೆ ನಂಜನಗೂಡಿನ ನಮ್ಮ ಮನೆಯಲ್ಲಿ ಹಗಲು ಹೊತ್ತು ಕಳೆಯುವುದೇ ಕಷ್ಟವಾಯಿತು. ಅವರಿಗಲ್ಲ, ನಮಗೆ. ಅಷ್ಟು ವರ್ಷ ಬೆಳಿಗ್ಗೆ ಉಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ ಮನುಷ್ಯ ಈಗ ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಹೊಸ್ತಿಲಾಚೆಯಿಂದಲೇ ತನಿಖೆ. ಹುಳಿಗೆ ಬೇಳೆ ಯಾಕಿಷ್ಟು, ಒಲೆ ಯಾಕೆ ಸುಮ್ಮನೆ ಉರಿಯುತ್ತಿದೆ, ಸಾಸಿವೆ ಸಿಡಿಯುವ ಮುಂಚೆ ಕರಿಬೇವು ಯಾಕೆ ಬಿತ್ತು. ಅತ್ತೆ ಉತ್ತರ ಕೊಡುತ್ತಿರಲಿಲ್ಲ, ಪಾತ್ರೆ ಕುಕ್ಕುತ್ತಿದ್ದರು. ಕೊಡಲೇಬೇಕಾದ ಉತ್ತರವನ್ನು ನನ್ನ ಮೂಲಕ ಕೊಡಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು. ನರಸೀಪುರದ ತವರಿನಿಂದ ಸೊಸೆಯಾಗಿ ಬಂದು ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ಇಬ್ಬರ ನಡುವೆ ನಾನು ಅಡಕತ್ತರಿಗೆ ಸಿಕ್ಕ ಅಡಿಕೆ.

ಹೀಗಿರುವಾಗ ಮಿಲಿಟರಿಯಲ್ಲಿದ್ದ ಮಾವನವರ ತಂಗಿಯ ಮಗ ರಜಕ್ಕೆ ಬಂದವನು ಒಂದು ಹಸಿರು ಜೋಲಿ ತಂದುಕೊಟ್ಟ. ದಪ್ಪ ಕ್ಯಾನ್ವಾಸ್ ಬಟ್ಟೆ, ಎರಡು ತುದಿಗೂ ಸಣ್ಣ ನೈಲಾನ್ ಹಗ್ಗ. ಎರಡು ಮರಗಳ ನಡುವೆ ಕಟ್ಟಿಕೊಂಡರೆ ಹಗಲೆಲ್ಲ ರಾಜನ ಹಾಗೆ ಮಲಗಬಹುದು ಎಂದು ತೋರಿಸಿ ಹೋದ. ಮಾವನವರ ಮುಖ ಅರಳಿತು. ನನ್ನ ಮುಖ ಅದಕ್ಕಿಂತ ಹೆಚ್ಚು ಅರಳಿತು. ಈ ಜೋಲಿ ಒಂದು ಮೇಲೇರಲಿ ಎಂದು ನಂಜುಂಡೇಶ್ವರನಿಗೆ ತುಪ್ಪದ ದೀಪದ ಹರಕೆ ಹೊತ್ತುಕೊಂಡೆ.

ಹಿತ್ತಲಿನಲ್ಲಿ ಇದ್ದದ್ದೇ ಎರಡು ಮರ. ಒಂದು ತೆಂಗು, ಇನ್ನೊಂದು ಸಂಪಿಗೆ. ತೆಂಗಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ಸಂಪಿಗೆ ಅತ್ತೆಯದು, ತವರು ಕಳಲೆಯಿಂದ ಸಸಿ ತಂದು ನೆಟ್ಟು ಬೆಳೆಸಿದ್ದು. ಮಾವನವರು ಹಗ್ಗ ಹಿಡಿದು ಹಿತ್ತಲಿಗೆ ಇಳಿದದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿಕೊಂಡು ಮರದ ಮುಂದೆ ನಿಂತರು.

"ಮರಕ್ಕೆ ಉರ್ಲು ಹಾಕ್ಬೇಡಿ ಅಂತ ಹೇಳಮ್ಮ ನಿಮ್ಮ ಮಾವಂಗೆ. ಆ ಹಗ್ಗ ತೊಗಟೆ ಕುಯ್ದಾಕತ್ತೆ."

ತೆಂಗಿನ ಬುಡದಲ್ಲಿ ಮಲಗಿದರೆ ತಲೆಯ ಮೇಲೆ ಕಾಯಿ ಬೀಳಬಹುದಲ್ಲ ಎಂದು ನಾನು ನೆನಪಿಸಿದೆ. ಅದು ಅವರ ತಲೆ, ಅವರು ನೋಡಿಕೊಳ್ಳಲಿ ಎಂದರು ಅತ್ತೆ.

ಈ ಹಟಕ್ಕೆ ಕಾರಣವಿತ್ತು. ಅತ್ತೆ ನೆಟ್ಟಿದ್ದ ಮೊದಲ ಸಂಪಿಗೆಗೆ ಮಾವನವರು ಬಟ್ಟೆ ಒಣಹಾಕಲು ತಂತಿ ಬಿಗಿದಿದ್ದರಂತೆ. ಮರ ದಪ್ಪವಾದ ಹಾಗೆಲ್ಲ ತಂತಿ ತೊಗಟೆಯೊಳಗೆ ಹೂತುಹೋಗಿ, ಇನ್ನೇನು ಹೂ ಬಿಡಬೇಕು ಅನ್ನುವ ವರ್ಷ ಮರ ನಿಂತಲ್ಲೇ ಒಣಗಿತ್ತು. ಅದು ಗೆದ್ದಲಿನ ಕೆಲಸ ಎಂದು ಮಾವನವರು ತೀರ್ಪು ಕೊಟ್ಟು ಕೇಸು ಮುಚ್ಚಿದ್ದರು. ಅತ್ತೆಯ ಪಾಲಿಗೆ ಆ ಕೇಸು ಇನ್ನೂ ಮುಚ್ಚಿರಲಿಲ್ಲ.

ಶಿರಸ್ತೇದಾರರು ಸೋಲುತ್ತಾರೆಯೇ? ಮಾರನೆಯ ದಿನ ಸ್ಥಳ ಮಹಜರು ಇಟ್ಟರು. ಸಾಕ್ಷಿಗೆ ಕರೆಸಿದ್ದು ಚಿಕ್ಕಯ್ಯನಛತ್ರದ ಕಡೆಯಿಂದ ಬರುತ್ತಿದ್ದ, ನಮ್ಮ ತೆಂಗಿನಕಾಯಿ ಕೀಳುವವನನ್ನು. ಮಲಗುವ ತಲೆಯ ಕ್ಷೇಮಕ್ಕಾಗಿ ಮೊದಲು ಕಾಯಿಗಳನ್ನೆಲ್ಲ ಕೀಳಿಸಿ, ಆಮೇಲೆ ಅವನನ್ನು ಸಂಪಿಗೆಯ ಮುಂದೆ ನಿಲ್ಲಿಸಿ, ಹಗ್ಗ ಕಟ್ಟಿದರೆ ಮರಕ್ಕೆ ಏನಾದರೂ ಆಗುತ್ತದೆಯೇ ಎಂದು ಕೇಳಿದರು.

"ತೆಂಗಿಗೇನೂ ಆಗಕಿಲ್ಲ ಸಾ," ಅಂದ ಅವನು. "ಸಂಪ್ಗೆ ವಿಚಾರ ಅವ್ವಾರ್ನೇ ಕೇಳಿ. ಕಾಪಿ ಕೊಟ್ಟವ್ರೆ."

ಸಾಕ್ಷಿಯೇ ಎದುರು ಪಕ್ಷಕ್ಕೆ ಸೇರಿದ ಮೇಲೆ ರಾಜಿಯಾಗದೆ ದಾರಿ ಇರಲಿಲ್ಲ. ಹಗ್ಗಕ್ಕೂ ಮರಕ್ಕೂ ನಡುವೆ ಮೆತ್ತಗಿನದು ಏನಾದರೂ ಸುತ್ತುತ್ತೇನೆ ಎಂದು ನನ್ನ ಮೂಲಕ ಹೇಳಿಸಿ, ಮಾವನವರು ಕೊಟ್ಟಿಗೆಯಿಂದ ಒಂದು ಗೋಣಿಚೀಲ ಎಳೆದು ತಂದರು. ಅದು ಬನ್ನೂರಿನಿಂದ ಬೆಲ್ಲ ತುಂಬಿ ಬಂದಿದ್ದ ಚೀಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಜೋಲಿ ಕಟ್ಟಿ, ಹತ್ತಿ ಮಲಗಿ, ಕಣ್ಣು ಮುಚ್ಚಿ "ಆಹಾ" ಅಂದರು. ಅಷ್ಟು ಹೊತ್ತಿಗೆ ಹಿತ್ತಲಿನ ಇರುವೆಗಳೆಲ್ಲ ಬೆಲ್ಲದ ವಾಸನೆ ಹಿಡಿದು ಮರ ಹತ್ತಿ, ಹಗ್ಗದ ಮೇಲೆ ಸಾಲುಗಟ್ಟಿ ಬರುತ್ತಿದ್ದವು. ನಮ್ಮ ಮಾವನವರು ಪಂಚೆ ಒದರುತ್ತ ಕುಣಿದದ್ದನ್ನು ನಾನು ಅದೊಂದೇ ದಿನ ನೋಡಿದ್ದು. ಅತ್ತೆ ಬಾವಿಕಟ್ಟೆಯ ಹಿಂದೆ ಹೋಗಿ ನಕ್ಕು ಬಂದರು. ಬರುವಾಗ ಮುಖ ಮಾತ್ರ ಹೋದ ಹಾಗೆಯೇ ಗಂಭೀರವಾಗಿತ್ತು.

ಆಮೇಲೆ ಅತ್ತೆಯೇ ಷರತ್ತು ಹೇಳಿ ಕಳಿಸಿದರು. ಸಣ್ಣ ಹಗ್ಗ ಮರಕ್ಕೆ ತಾಗಕೂಡದು. ಸುತ್ತುವುದು ಅಂಗೈಯಷ್ಟು ಅಗಲ ಇರಬೇಕು. ಸಂಜೆ ಬಿಚ್ಚಿಡಬೇಕು, ಒಂದೇ ಜಾಗಕ್ಕೆ ದಿನಾ ಕಟ್ಟಬಾರದು. ಮಾವನವರು ಯೋಚಿಸಿ, ತಮ್ಮ ಮಂಚದ ನವಾರನ್ನೇ ಬಿಚ್ಚಿದರು. ಅಗಲವಾದ ಹತ್ತಿಯ ಪಟ್ಟಿ, ಷರತ್ತಿಗೆ ಸರಿಯಾಗಿತ್ತು. ಮಂಚ ಬರೀ ಚೌಕಟ್ಟಾಗಿ ಅವರು ಚಾಪೆಗೆ ಇಳಿದರು. ಹಗಲಿನ ನಿದ್ದೆಗಾಗಿ ರಾತ್ರಿಯ ನಿದ್ದೆ ಕಳೆದುಕೊಂಡ ಗಂಡಸನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅತ್ತೆ ನವಾರನ್ನು ಮುಟ್ಟಿ ನೋಡಿ, ಇದೂ ಉಜ್ಜುತ್ತದೆ, ಕೆಳಗೊಂದು ದಪ್ಪ ಬಟ್ಟೆ ಬೇಕು ಎಂದರು. ಹಳೇ ಪಂಚೆ ತಂದೆ. ತೆಳುವಾಯಿತು. ದುಪ್ಪಟಿ ತಂದೆ. ಅದು ಒಗೆದಿದ್ದು, ಬೇಡ. ಕೊನೆಗೆ ಬಾಯಿಬಿಟ್ಟರು.

"ಪೆಟ್ಟಿಗೇಲಿ ನುಸಿಗುಳಿಗೆ ಹಾಕಿ ಇಟ್ಟಿದಾರಲ್ಲ ಶಾಲು, ಅದು ದಪ್ಪಗಿದೆ."

ಅದು ಬೀಳ್ಕೊಡುಗೆಯ ದಿನ ಕಚೇರಿಯವರು ಹಾರ ಹಾಕಿ ಹೊದಿಸಿದ್ದ ಜರಿ ಅಂಚಿನ ಶಾಲು. ಮಾವನವರು ಅದನ್ನು ಒಮ್ಮೆಯೂ ಹೊದ್ದಿರಲಿಲ್ಲ, ನೆಂಟರು ಬಂದಾಗ ತೆಗೆದು ತೋರಿಸಿ ಮತ್ತೆ ಮಡಿಸಿಡುತ್ತಿದ್ದರು. ಜೋಲಿಯ ಆಸೆ ಇಲ್ಲಿಗೆ ಮುಗಿಯಿತು, ನಾಳೆಯಿಂದ ಮತ್ತೆ ಕುರ್ಚಿ ಬಾಗಿಲಿಗೆ ಎಂದುಕೊಂಡೆ.

ಮಾವನವರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಶಾಲಿತ್ತು. ಮರಕ್ಕೆ ಎರಡು ಸುತ್ತು ಸುತ್ತಿ, ಸುಕ್ಕಿಲ್ಲದಂತೆ ಅಂಚು ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ ಅಂದರು:

"ಹೇಳಮ್ಮ ನಿಮ್ಮತ್ತೆಗೆ. ಅವತ್ತು ಗೆದ್ದಲಲ್ಲ. ತಂತೀನೇ."

ಹೇಳುವ ಅಗತ್ಯವೇ ಇರಲಿಲ್ಲ. ಅತ್ತೆ ಹೂಬುಟ್ಟಿಯಲ್ಲಿ ಇಲ್ಲದ ಹೂವನ್ನು ಹುಡುಕುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿ, ಏನು ಸಾರ್, ನಿಮ್ಮ ಮರವೂ ರಿಟೈರ್ ಆಯಿತೇ ಎಂದು ಕೇಳಿದ್ದರಿಂದ ಎಲ್ಲರೂ ಪಾರಾದೆವು.

ಜೋಲಿ ಏರಿತು. ಮಾವನವರು ಹತ್ತಲಿಲ್ಲ. ಆಮೇಲೆ ಇನ್ನೊಂದು ತಕರಾರು ಬೇಡ, ತಕರಾರುದಾರರೇ ಮೊದಲು ಕೂತು ನೋಡಲಿ ಎಂದರು. ಅತ್ತೆ ಬೇಡ ಬೇಡವೆನ್ನುತ್ತಲೇ ತುದಿಯಲ್ಲಿ ಕೂತರು. ಕೂತವರು ಹಿಂದಕ್ಕೆ ಒರಗಿದರು. ಒರಗಿದವರು ಕಾಲು ಮೇಲೆಳೆದುಕೊಂಡರು. ಶಾಲನ್ನು ಒಮ್ಮೆ ಕೈಚಾಚಿ ಮುಟ್ಟಿ, ಪರವಾಗಿಲ್ಲ ಎಂದರು. ಆಮೇಲೆ ಮಾತು ನಿಂತಿತು, ಸಣ್ಣಗೆ ಗೊರಕೆ ಕೇಳಿತು.

ನಾನು ಆ ಮನೆಗೆ ಬಂದಮೇಲೆ ಅತ್ತೆ ಹಗಲು ಹೊತ್ತಿನಲ್ಲಿ ಬೆನ್ನು ನೆಲಕ್ಕೆ ಹಾಕಿದ್ದನ್ನು ನೋಡಿರಲಿಲ್ಲ. ಮಾವನವರೂ ನೋಡಿರಲಿಲ್ಲವೇನೋ, ಮರದ ಪಕ್ಕದಲ್ಲಿ ಸುಮ್ಮನೆ ನಿಂತೇ ಇದ್ದರು. ಕಾಫಿಯ ಹೊತ್ತಾಯಿತು. ಎಬ್ಬಿಸಲೇ ಎಂದು ನಾನು ಸನ್ನೆ ಮಾಡಿದೆ. ಅವರು ಬೇಡವೆಂದು ಕೈಯಾಡಿಸಿ, ಕಾಲು ತೊಳೆದುಕೊಂಡು, ಹೊಸ್ತಿಲು ದಾಟಿ ಅಡುಗೆಮನೆಯ ಒಳಗೇ ಬಂದರು. ಗೂಡಿನ ಡಬ್ಬಗಳನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಅತ್ತೆಗೆ ಕೇಳಿಸೀತು ಅನ್ನುವ ಭಯದಲ್ಲಿ ಪಿಸುಗುಟ್ಟಿದರು.

"ಸಕ್ರೆ ಎಲ್ಲಿಡ್ತಾಳಮ್ಮ ಇವಳು?"